ಕಳೆಯುವ ಲೆಕ್ಕ

ಪ್ರಯಾಣಿಕರ ಪಾಲಿಗೆ ಮಂಗಳೂರಿನ ನಂತೂರು ಒಂದು ಕೂಡುದಾರಿ ಮಾತ್ರ. ಪನ್ವೇಲಿನಿಂದ ಕನ್ಯಾಕುಮಾರಿಯವರೆಗೆ ಕಡಲ ಕರೆಯನ್ನು ಹಿಡಿದು ಸಾಗುವ 66ನೆಯ ರಾಷ್ಟ್ರೀಯ ಹೆದ್ದಾರಿ ಇಲ್ಲಿ ಹಾದುಹೋಗುತ್ತದೆ. ಹಿಂದೆ ಅದಕ್ಕೆ 17ರ ಅಂಕೆಯಿತ್ತು. ಮೂಡುಬಿದಿರೆ, ಕಾರ್ಕಳಗಳ ಮೂಲಕ ಘಟ್ಟವನ್ನೇರಿ ಶಿವಮೊಗ್ಗದ ಕಡೆಗೆ ಹೋಗುವ 169ನೆಯ ಹೆದ್ದಾರಿಯೂ ಇಲ್ಲಿಯೇ ಅದರಿಂದ ಬೇರ್ಪಡುತ್ತದೆ. ಪಣಂಬೂರಿನ ಬಂದರಿಗೆ ಹೋಗಿಬರುವ ಲಾರಿಗಳು, ಕಾಸರಗೋಡಿನ ಕಡೆಗೆ ಧಾವಿಸುವ ಬಸ್ಸುಗಳು, ಕಛೇರಿಗೆ ತಡವಾದವರ ಸ್ಕೂಟರುಗಳು, ಎಲ್ಲವೂ ಇಲ್ಲಿ ಒಂದು ಗಳಿಗೆ ತಡೆದು, ಹೊಗೆಯುಗುಳಿ, ಧೂಳೆಬ್ಬಿಸಿ ಮುಂದೆ ಸಾಗುತ್ತವೆ. ವಾಹನಗಳು ಹೋಗುತ್ತವೆ, ಧೂಳು ಮಾತ್ರ ಇಲ್ಲಿಯೇ ಉಳಿಯುತ್ತದೆ. ಆ ಧೂಳಿನೊಡನೆ ಬಾಳಬೇಕಾದವರು ಹೆದ್ದಾರಿಯ ಮಗ್ಗುಲ ಓಣಿಗಳ ಗೃಹಸ್ಥರು.

ಅಂಥದೊಂದು ಓಣಿಯ ಮನೆಯನ್ನು ವಾಚಕರು ಕಣ್ಣಮುಂದೆ ತಂದುಕೊಳ್ಳಲಿ. ಮುರಕಲ್ಲಿನ ಆವರಣ, ಅಂಗಳದ ಮೂಲೆಯಲ್ಲೊಂದು ಹಲಸಿನ ಮರ, ಅದರ ಪಕ್ಕದಲ್ಲಿ ತಗಡಿನ ಮಾಡಿನ ಕೆಳಗೆ ಕಪ್ಪು ಬಣ್ಣದ ಒಂದು ಕಾರು. ಮನೆಯ ಯಜಮಾನರು ಮೂವತ್ತು ವರ್ಷಗಳಿಗೂ ಮಿಕ್ಕಿ ಹೈಸ್ಕೂಲಿನ ಹುಡುಗರಿಗೆ ಗಣಿತವನ್ನು ಕಲಿಸಿ ನಿವೃತ್ತರಾದ ಮಾಸ್ತರರು. ಕಾರು ಅವರ ನಿವೃತ್ತಿಯ ಹಣದಿಂದ ಬಂದುದು. ಅದು ಹಾಳಾದರೆ ಇನ್ನೊಂದನ್ನು ಕೊಳ್ಳುವ ಶಕ್ತಿಯಾಗಲಿ ಉತ್ಸಾಹವಾಗಲಿ ತಮಗಿರಲಾರದೆಂಬುದನ್ನು ಅವರು ಚೆನ್ನಾಗಿ ಬಲ್ಲರು. ಪತ್ನಿಯ ಮೊಣಕಾಲು ನೋವಿಗೆ ಆಸ್ಪತ್ರೆ, ಸೋಮವಾರ ಕದ್ರಿಯ ದೇವಸ್ಥಾನ, ನೆಂಟರಿಷ್ಟರ ಮನೆಯ ಮದುವೆ ಮುಂಜಿ ಇವುಗಳಿಗೆ ಆ ಇಬ್ಬರು ಹಿರಿಯ ಜೀವಗಳು ಯಾರ ಹಂಗೂ ಇಲ್ಲದೆ ಹೊರಡುವುದು ಈ ಕಾರಿನ ಬಲದಿಂದ. ಆದಕಾರಣ ಪ್ರತಿ ಆದಿತ್ಯವಾರ ಬೆಳಿಗ್ಗೆ ಮಾಸ್ತರರು ಪಂಚೆಯನ್ನೆತ್ತಿ ಕಟ್ಟಿ, ಹಳೆಯ ಬನಿಯನಿನ ಚೂರನ್ನೂ ರಬ್ಬಿಂಗ್ ಕಾಂಪೌಂಡಿನ ಡಬ್ಬಿಯನ್ನೂ ಹಿಡಿದು ಕಾರಿನ ಸೇವೆಗೆ ನಿಲ್ಲುವರು. ರಟ್ಟೆ ಸೋಲುವ ತನಕ ಉಜ್ಜಿ, ಬಾನೆಟ್ಟಿನಲ್ಲಿ ತಮ್ಮ ಮುಖ ಕನ್ನಡಿಯಲ್ಲೆಂಬಂತೆ ಕಂಡ ಮೇಲೆಯೇ ಅವರಿಗೆ ಎರಡನೆಯ ಕಾಫಿ ರುಚಿಸುವುದು.

ಏಳನೆಯ ವರ್ಷದ ಮಳೆಗಾಲ ಮುಗಿಯುತ್ತಿದ್ದಾಗ, ಒಂದು ಆದಿತ್ಯವಾರ, ಬಾನೆಟ್ಟಿನ ಅಂಚಿನಲ್ಲಿ ಹುಣಿಸೆಬೀಜದಷ್ಟು ಅಗಲದ ಒಂದು ಮಬ್ಬು ಕಲೆ ಕಾಣಿಸಿತು. ಅದು ಹಕ್ಕಿಯ ಹಿಕ್ಕೆಯ ಗುರುತಾಗಿರಬೇಕೆಂದು ಬಗೆದು ಮಾಸ್ತರರು ಇನ್ನಷ್ಟು ಬಲವಾಗಿ ಉಜ್ಜಿದರು. ಮುಂದಿನ ವಾರ ಅದು ಅಂಗೈಯಗಲವಾಯಿತು. ಜಗಲಿಯಲ್ಲಿ ಕುಳಿತು ಹೂ ಕಟ್ಟುತ್ತಿದ್ದ ಪತ್ನಿ ಅಲ್ಲಿಂದಲೇ ಹೇಳಿದರು:

“ಇನ್ನೂ ಉಜ್ಜುತ್ತೀರಲ್ಲ! ನಮ್ಮ ಅತ್ತೆಯವರ ದೀಪದ ಕಥೆಯೇ ಆಯಿತು ನೋಡಿ.”

“ದೀಪಕ್ಕೂ ಕಾರಿಗೂ ಏನು ಸಂಬಂಧ, ಮಾರಾಯ್ತಿ?”

“ಆ ದೀಪದ ತುದಿಯ ನವಿಲಿಗೆ ಹಿಂದೆ ಕಣ್ಣಿತ್ತು, ಗರಿಯಿತ್ತು. ಹುಣಿಸೆಹುಳಿ, ಬೂದಿ ಹಾಕಿ ಮೂರು ತಲೆಮಾರು ತಿಕ್ಕಿದ್ದೇವೆ. ಈಗ ಅದು ನವಿಲೋ ಕೋಳಿಯೋ ತಿಳಿಯುವುದಿಲ್ಲ. ಹೊಳಪು ಮಾತ್ರ ಬೇಕಾದಷ್ಟಿದೆ.”

ಮಾಸ್ತರರು ನಕ್ಕುಬಿಟ್ಟರು. ಆದರೆ ಮರುದಿನ ಬಣ್ಣದ ಕೆಲಸದ ಮೇಸ್ತ್ರಿ ಬಂದು ಬಾನೆಟ್ಟನ್ನು ಬೆಳಕಿಗೆ ಓರೆಯಾಗಿ ನೋಡಿ, ಬೆರಳಿನಿಂದ ಸವರಿ ಹೇಳಿದ ಮಾತಿಗೆ ಅವರ ನಗು ಅಡಗಿತು.

“ಇದು ಕಲೆಯಲ್ಲ ಮಾಸ್ಟ್ರೇ, ಮೇಲಿನ ಪದರವೇ ಹೋಗಿದೆ. ಇನ್ನು ಉಜ್ಜಿದರೆ ಬಣ್ಣವೂ ಹೋಗುತ್ತದೆ.”

“ಹೋಗುವುದು ಹೇಗೆ? ನಾನು ವಾರವಾರವೂ ಪಾಲಿಶ್ ಹಾಕುತ್ತಿದ್ದೆನಲ್ಲ!”

“ಹಾಕಿದ್ದಲ್ಲ ಮಾಸ್ಟ್ರೇ, ತೆಗೆದದ್ದು.”

ವಾಹನವನ್ನು ಮನೆಯಲ್ಲಿಯೇ ಮೆರುಗುಗೊಳಿಸುವವರೆಲ್ಲರೂ ನೆನಪಿಡಬೇಕಾದ ಮಾತು ಇದೊಂದೇ. ಪಾಲಿಶ್ ಎಂಬುದು ಕೂಡುವ ಲೆಕ್ಕವಲ್ಲ, ಕಳೆಯುವ ಲೆಕ್ಕ. ಗೀರುಬಿದ್ದ ಮೈಮೇಲೆ ಬೆಳಕು ಚೆದರುತ್ತದೆ. ಆದುದರಿಂದ ಅದು ಮಬ್ಬಾಗಿ ಕಾಣುತ್ತದೆ. ಪಾಲಿಶಿನಲ್ಲಿರುವ ಅಲ್ಯೂಮಿನಿಯಂ ಆಕ್ಸೈಡಿನಂಥ ಅತಿ ನವುರಾದ ಪುಡಿ ಆ ಗೀರುಗಳ ಸುತ್ತಲಿನ ಮೈಯನ್ನು ಸವೆಸಿ ಸಮತಟ್ಟು ಮಾಡುತ್ತದೆ. ಆಗ ಬೆಳಕು ಚೆದರದೆ ಹಿಂದಿರುಗುತ್ತದೆ, ಅದನ್ನೇ ಹೊಳಪೆನ್ನುತ್ತೇವೆ. ಮೇಣವಾದರೋ ಸವೆಸುವುದಿಲ್ಲ, ಸಮತಟ್ಟಾದ ಮೈಮೇಲೆ ತೆಳುವಾದ ಹೊದಿಕೆಯಾಗಿ ನಿಂತು ಕಾಯುತ್ತದೆ. ಒಂದು ಕಳೆಯುವುದು, ಇನ್ನೊಂದು ಕಾಯುವುದು. ಎರಡನ್ನೂ ‘ಪಾಲಿಶ್’ ಎಂಬ ಒಂದೇ ಹೆಸರಿನಿಂದ ಕರೆಯುವ ರೂಢಿಯಿಂದಲೇ ಬಹಳ ಕಾರುಗಳು ಕೆಟ್ಟಿವೆ.

ಹಾಗಾದರೆ ಗಣಿತ ಬಲ್ಲ ಮಾಸ್ತರರು ಇಷ್ಟು ಸರಳವಾದ ಲೆಕ್ಕದಲ್ಲಿ ತಪ್ಪಿದುದೇಕೆ? ಅವರ ತಪ್ಪಿಗೂ ಒಂದು ಅನುಭವದ ಆಧಾರವಿತ್ತು. ತಾರುಣ್ಯದಲ್ಲಿ ಅವರ ಮನೆಯಲ್ಲಿದ್ದುದು ಪ್ರೀಮಿಯರ್ ಪದ್ಮಿನಿ. ಫಿಯೆಟ್ 1100ರ ಮಾದರಿಯಲ್ಲಿ ಮುಂಬಯಿಯಲ್ಲಿ ತಯಾರಾಗುತ್ತಿದ್ದ ಆ ಕಾರು, ಕಲ್ಕತ್ತೆಯ ಬಳಿಯ ಉತ್ತರಪಾರಾದ ಅಂಬಾಸಡರಿನಂತೆ, ಒಂದು ಕಾಲದ ಮಧ್ಯಮವರ್ಗದ ಕನಸಾಗಿತ್ತು. ಪದ್ಮಿನಿ ಈ ಶತಮಾನದ ಆರಂಭದ ವೇಳೆಗೂ ಅಂಬಾಸಡರ್ 2014ರಲ್ಲೂ ನಿಂತುಹೋದವು. ಆ ಕಾಲದ ಕಾರುಗಳಿಗೆ ಬಳಿದದ್ದು ಎನಾಮೆಲ್ ಬಣ್ಣ. ಮೇಲಿನಿಂದ ಪ್ರೈಮರಿನವರೆಗೆ ಎಲ್ಲವೂ ಒಂದೇ ಬಣ್ಣ. ಬಿಸಿಲಿಗೂ ಗಾಳಿಗೂ ಅದರ ಮೇಲ್ಮೈ ಸುಣ್ಣದಂತೆ ಬಿಳಿಚಿಕೊಳ್ಳುತ್ತಿತ್ತು. ಕಾಂಪೌಂಡ್ ಹಾಕಿ ಉಜ್ಜಿದರೆ ಸತ್ತ ಬಣ್ಣ ಬಟ್ಟೆಗೆ ಹತ್ತಿ, ಕೆಳಗಿನ ಹೊಸ ಬಣ್ಣ ಮೇಲಕ್ಕೆ ಕಾಣುತ್ತಿತ್ತು. ಬಟ್ಟೆಗೆ ಬಣ್ಣ ಹತ್ತಿದಷ್ಟೂ ಕಾರಿಗೆ ಪ್ರಾಯ ಬಂದಂತೆ! ಮಾಸ್ತರರು ಈ ವಿದ್ಯೆಯನ್ನು ತಮ್ಮ ತಂದೆಯವರಿಂದ ಕಲಿತಿದ್ದರು.

ಈಗಿನ ಬಹುತೇಕ ಕಾರುಗಳ ರಚನೆಯೇ ಬೇರೆ. ತಗಡಿನ ಮೇಲೆ ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಅದರ ಮೇಲೆ ತೆಳುವಾದ ಬಣ್ಣ, ಎಲ್ಲಕ್ಕೂ ಮೇಲೆ ಬಣ್ಣವೇ ಇಲ್ಲದ ಪಾರದರ್ಶಕ ಪದರ. ಇದನ್ನು ಕ್ಲಿಯರ್ ಕೋಟ್ ಎನ್ನುತ್ತಾರೆ. ಇದರ ದಪ್ಪ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್, ಎಂದರೆ ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ 35ರಿಂದ 50 ಪಾಲು. ಮನುಷ್ಯನ ತಲೆಗೂದಲು ಇದಕ್ಕಿಂತ ದಪ್ಪ. ಸೂರ್ಯನ ಅತಿನೇರಳೆ ಕಿರಣಗಳನ್ನು ಹೀರಿಕೊಂಡು ಕೆಳಗಿನ ಬಣ್ಣವನ್ನು ಕಾಪಾಡುವ ದ್ರವ್ಯಗಳು ಈ ಪದರದಲ್ಲಿಯೇ ಇವೆ. ಕಾರಿನ ಆಯುಷ್ಯದುದ್ದಕ್ಕೂ ಒಟ್ಟಿನಲ್ಲಿ ಇದರಿಂದ ಕೆಲವೇ ಮೈಕ್ರಾನುಗಳನ್ನು ಕಳೆಯಬಹುದು. ಮೀರಿದರೆ ಉಳಿದ ಪದರ ಬಿಸಿಲಿಗೆ ಸೋತು ಬೆಳ್ಳಗಾಗಿ ಸುಲಿಯತೊಡಗುತ್ತದೆ. ಹಿತ್ತಾಳೆಯ ದೀಪ ಒಳಗೂ ಹೊರಗೂ ಹಿತ್ತಾಳೆಯೇ; ತಿಕ್ಕಿದರೆ ನವಿಲಿನ ಕಣ್ಣು ಹೋದೀತು, ದೀಪ ಉಳಿದೀತು. ಹೊಸ ಕಾರಾದರೋ ಗಿಲೀಟಿನ ಬಳೆ. ತಿಕ್ಕಿದಷ್ಟೂ ತಾಮ್ರಕ್ಕೆ ಹತ್ತಿರ.

ತಮ್ಮ ಕಾರು ಯಾವ ಜಾತಿಯದೆಂದು ತಿಳಿಯಲು ಸುಲಭವಾದ ಪರೀಕ್ಷೆಯಿದೆ. ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ, ಬಿಳಿಯ ಬಟ್ಟೆಗೆ ತುಸು ಪಾಲಿಶ್ ಹಚ್ಚಿ ಮೆಲ್ಲಗೆ ಉಜ್ಜಿ ನೋಡಬೇಕು. ಬಟ್ಟೆಗೆ ಕಾರಿನ ಬಣ್ಣ ಹತ್ತಿದರೆ ಮೇಲೆ ಪಾರದರ್ಶಕ ಪದರವಿಲ್ಲ, ಹತ್ತದಿದ್ದರೆ ಇದೆ. ಮಾಸ್ತರರ ಬಟ್ಟೆಗೆ ಏಳು ವರ್ಷವೂ ಕಪ್ಪು ಹತ್ತಿರಲಿಲ್ಲ. ಏನೂ ಸವೆಯುತ್ತಿಲ್ಲವೆಂಬುದಕ್ಕೆ ಅದೇ ಸಾಕ್ಷಿಯೆಂದು ಅವರು ನಂಬಿದ್ದರು. ಸವೆಯುತ್ತಿದ್ದುದು ಬಣ್ಣವಿಲ್ಲದ ಪದರ. ಬಟ್ಟೆಯ ಮೇಲೆ ಅದು ಕಾಣುವುದಾದರೂ ಹೇಗೆ? ಅದರಲ್ಲಿಯೂ ಅಂಚುಗಳಲ್ಲಿ ಪದರ ತೆಳು, ಕೈಯ ಒತ್ತಡ ಹೆಚ್ಚು. ಮೊದಲ ಕಲೆ ಬಾನೆಟ್ಟಿನ ಅಂಚಿನಲ್ಲಿ ಹುಟ್ಟಿದುದು ಆಕಸ್ಮಿಕವಲ್ಲ.

ಉಜ್ಜಬಾರದೆಂದಾದರೆ ಧೂಳಿಗೆ ಗತಿಯೇನು? ನಂತೂರಿನಂಥ ಸ್ಥಳದಲ್ಲಿ ಈ ಪ್ರಶ್ನೆ ಚಿಕ್ಕದಲ್ಲ. ಇಲ್ಲಿನ ನೆಲ ಮುರಕಲ್ಲಿನದು. 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಈ ಜಾತಿಯ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆ ಎಂಬುದು ಅದರ ಮೂಲ. ಕಬ್ಬಿಣದ ಅಂಶದಿಂದ ಕೆಂಪಾದ ಈ ಕಲ್ಲಿನ ಧೂಳಿನಲ್ಲಿ ಮರಳಿನ ಕಣಗಳೂ ಬೆರೆತಿರುತ್ತವೆ. ಅವು ಕಾರಿನ ಮೇಲ್ಪದರಕ್ಕಿಂತ ಎಷ್ಟೋ ಗಡುಸು. ಒಣಬಟ್ಟೆಯಿಂದ ಕಾರಿನ ಧೂಳನ್ನು ಝಾಡಿಸಿ ಒರಸುವುದೆಂದರೆ ಉಪ್ಪುಕಾಗದದಿಂದ ಒರಸಿದಂತೆಯೇ. ಬಿಸಿಲಿನಲ್ಲಿ ಕಪ್ಪು ಕಾರುಗಳ ಮೈಮೇಲೆ ಜೇಡನ ಬಲೆಯಂತೆ ಕಾಣುವ ಸುರುಳಿಗೀರುಗಳೆಲ್ಲ ಹೀಗೆ ಹುಟ್ಟಿದವು. ಅವನ್ನು ತೆಗೆಯಲೆಂದು ಪಾಲಿಶ್. ಪಾಲಿಶಿನಿಂದ ಪದರ ಸವೆತ. ಗೀರು ಬೀಳದಂತೆ ತೊಳೆಯಲು ಕಲಿತವನಿಗೆ ಪಾಲಿಶಿನ ಅಗತ್ಯವೇ ವಿರಳ.

ತೊಳೆಯುವ ಕ್ರಮ ಕಷ್ಟದ್ದಲ್ಲ. ಕಾರು ನೆರಳಿನಲ್ಲಿರಬೇಕು, ಬಾನೆಟ್ಟು ಮುಟ್ಟಿದರೆ ತಣ್ಣಗಿರಬೇಕು. ಮೊದಲು ಕೈಯನ್ನೂ ಬಟ್ಟೆಯನ್ನೂ ತಾಗಿಸದೆ ಮಾಡಿನಿಂದ ಕೆಳಗಿನವರೆಗೆ ಧಾರಾಳವಾಗಿ ನೀರೆರೆದು, ಸಡಿಲವಾದ ಧೂಳು ತಾನಾಗಿ ಇಳಿದುಹೋಗಲು ಬಿಡಬೇಕು. ಬಳಿಕ ಎರಡು ಬಾಲ್ದಿಗಳು: ಒಂದರಲ್ಲಿ ಕಾರಿಗೆಂದೇ ಮಾಡಿದ ಶಾಂಪೂವಿನ ನೀರು, ಇನ್ನೊಂದರಲ್ಲಿ ಬರಿಯ ನೀರು. ಮೆತ್ತನೆಯ ಬಟ್ಟೆಯನ್ನು ಶಾಂಪೂವಿನಲ್ಲಿ ಅದ್ದಿ, ಒತ್ತದೆ, ನೇರವಾದ ಗೆರೆಗಳಲ್ಲಿ ಸವರಿ, ಮತ್ತೆ ಅದ್ದುವ ಮೊದಲು ಬರಿಯ ನೀರಿನಲ್ಲಿ ಜಾಲಿಸಿ ಹಿಂಡಬೇಕು. ಧೂಳು ಆ ಬಾಲ್ದಿಯಲ್ಲಿ ಉಳಿಯುತ್ತದೆ, ಕಾರಿಗೆ ಹಿಂದಿರುಗುವುದಿಲ್ಲ. ಚಕ್ರಗಳಿಗೆ ಬೇರೆಯೇ ಬಟ್ಟೆ. ಅವನ್ನು ಕೊನೆಗೆ ತೊಳೆಯಬೇಕು. ಪಾತ್ರೆ ತೊಳೆಯುವ ಸಾಬೂನು, ಬಟ್ಟೆಯ ಸೋಡಾಪುಡಿ ಇವು ಕೂಡದು. ಅವು ಮೇಣವನ್ನು ಕಿತ್ತುಹಾಕುತ್ತವೆ. ನೀರಿಗೆ ಸೀಮೆಎಣ್ಣೆ ಬೆರೆಸಿ ಒರಸುವ ಹಳೆಯ ಚಾಲಕರ ಉಪಾಯವೂ ಅಷ್ಟೇ. ಹೊಳಪು ಒಂದು ಗಳಿಗೆಯದು, ಅದರ ಜಿಡ್ಡಿಗೆ ಧೂಳು ಅಂಟಿಕೊಳ್ಳುವುದು ದಿನವಿಡೀ.

ಬಟ್ಟೆಯ ಆಯ್ಕೆಯೂ ಒಂದು ವಿವೇಕ. ಹಳೆಯ ಬನಿಯನ್ ಮೆತ್ತಗಿದ್ದರೂ ಅದರ ಹೊಲಿಗೆಯ ಗೆರೆ ಗಡುಸು. ಸೀರೆಯ ಜರಿಯಂಚು, ಅಂಗಿಯ ಗುಂಡಿ ಇವುಗಳ ಮಾತಂತೂ ಹೇಳಬೇಕಾದುದಿಲ್ಲ. ಈಗ ಎಲ್ಲೆಡೆ ದೊರೆಯುವ ಮೈಕ್ರೋಫೈಬರ್ ಬಟ್ಟೆಯ ಎಳೆಗಳು ರೇಷ್ಮೆಗಿಂತ ನವುರು. ಧೂಳಿನ ಕಣವನ್ನು ಅವು ತಮ್ಮೊಳಗೆ ಸೆಳೆದುಕೊಳ್ಳುತ್ತವೆ. ಒಮ್ಮೆ ನೆಲಕ್ಕೆ ಬಿದ್ದ ಬಟ್ಟೆಯನ್ನು ತೊಳೆಯದೆ ಮತ್ತೆ ಕಾರಿಗೆ ತಾಗಿಸಬಾರದೆಂಬುದು ಇಲ್ಲಿನ ಮಡಿಯ ನಿಯಮ.

ತೊಳೆದು ಒಣಗಿಸಿದ ಮೇಲೂ ಕೆಲವು ಕಣಗಳು ಮೈಗೆ ಕಚ್ಚಿಕೊಂಡಿರುವುದುಂಟು. ಕೈಯನ್ನು ತೆಳುವಾದ ಪ್ಲಾಸ್ಟಿಕ್ ಚೀಲದೊಳಗೆ ತೂರಿಸಿ ಬಾನೆಟ್ಟನ್ನು ಸವರಿದರೆ ಅವು ರವೆಯಂತೆ ಬೆರಳಿಗೆ ತಾಗುತ್ತವೆ. ಅವನ್ನು ತೆಗೆಯಲು ಕ್ಲೇ ಬಾರ್ ಎಂಬ, ಕಣಕದ ಉಂಡೆಯಂಥ ಮೆತ್ತನೆಯ ಮಣ್ಣುಂಡೆ ದೊರೆಯುತ್ತದೆ. ಮೈಯನ್ನು ಶಾಂಪೂನೀರಿನಿಂದ ಜಾರುವಂತೆ ಮಾಡಿ ಅದನ್ನು ಮೆಲ್ಲಗೆ ಆಡಿಸಿದರೆ ಕಣಗಳು ಅದಕ್ಕೆ ಅಂಟಿ ಬರುತ್ತವೆ. ಅದು ಅಂಗಳಕ್ಕೆ ಬಿದ್ದರೆ ಎಷ್ಟೇ ಬೆಲೆಯದಾದರೂ ಎಸೆದುಬಿಡಬೇಕು. ಇಷ್ಟಾದ ಮೇಲೂ ಗೀರುಗಳು ಕಣ್ಣಿಗೆ ಚುಚ್ಚಿದರೆ ಮಾತ್ರ ಪಾಲಿಶ್. ಅದೂ ಕಾಂಪೌಂಡ್ ಅಲ್ಲ, ಅತಿ ನವುರಾದ ಜಾತಿಯದು. ಕಡಲೆಕಾಳಿನಷ್ಟು, ಒಂದು ಮೊಳ ಚದರಕ್ಕೆ, ಅಂಚುಗಳನ್ನು ಬಿಟ್ಟು. ಉಗುರಿಗೆ ತಡೆಯುವಷ್ಟು ಆಳವಾದ ಗೀರನ್ನು ಉಜ್ಜಿ ಅಳಿಸಹೊರಟವನು ಗೀರಿನೊಡನೆ ಪದರವನ್ನೂ ಅಳಿಸುವನು. ಅದನ್ನು ಹಾಗೆಯೇ ಉಳಿಯಗೊಡುವುದೇ ಜಾಣತನ.

ಕೊನೆಯದಾಗಿ ಮೇಣ. ಇದರಲ್ಲಿ ಹೆಸರುವಾಸಿಯಾದುದು ಕಾರ್ನೌಬಾ. ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ತಾಳೆಯ ಜಾತಿಯ ಮರ, ಒಣಹವೆಯಲ್ಲಿ ತನ್ನ ಎಲೆಗಳ ನೀರು ಆರಿಹೋಗದಿರಲೆಂದು ಅವುಗಳಿಗೆ ತಾನೇ ಮೇಣವನ್ನು ಸವರಿಕೊಳ್ಳುತ್ತದೆ. ಜೇನುಮೇಣ 62ರಿಂದ 64 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗಿದರೆ ಇದು ಕರಗಲು 80 ಡಿಗ್ರಿಗೂ ಮಿಕ್ಕ ಕಾವು ಬೇಕು. ಬಿಸಿಲಿಗೆ ಕಾದ ಬಾನೆಟ್ಟಿಗೆ ಇದೇ ತಕ್ಕುದು. ಇದನ್ನು ದೋಸೆಯ ಕಾವಲಿಗೆ ಎಣ್ಣೆ ಸವರಿದಂತೆ ತೆಳುವಾಗಿ ಹಚ್ಚಿ, ಮಂಜುಕಟ್ಟಿದ ಮೇಲೆ ಹಗುರವಾಗಿ ಒರಸಬೇಕು. ದಪ್ಪ ಹಚ್ಚಿದರೆ ಹೆಚ್ಚು ದಿನ ಬಾಳುವುದಿಲ್ಲ; ಒರಸುವ ಕಷ್ಟ ಮಾತ್ರ ಹೆಚ್ಚು. ನೀರು ಎರೆದಾಗ ಕೆಸುವಿನೆಲೆಯ ಮೇಲಿನಂತೆ ಮುತ್ತುಮುತ್ತಾಗಿ ಉರುಳಿದರೆ ಮೇಣವಿದೆ. ಹರಡಿ ನಿಂತರೆ ಮುಗಿದಿದೆ.

ಮೇಣ ಹಚ್ಚುವ ಕಾಲವನ್ನು ಗೊತ್ತುಮಾಡಲು ತುಳುನಾಡಿನವರು ಬೇರೆ ಪಂಚಾಂಗವನ್ನು ಹುಡುಕಬೇಕಾಗಿಲ್ಲ. ಮೇ ತಿಂಗಳ ಕೊನೆಯ ವಾರದಲ್ಲಿ ಬರುವ ಪತ್ತನಾಜೆಯಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಕೋಲ ನೇಮಗಳು ನಿಲ್ಲುತ್ತವೆ. ಕೃಷಿಕರು ಮಳೆಗೆ ಅಣಿಯಾಗುತ್ತಾರೆ. ಆ ಹೊತ್ತಿಗೆ ಕಾರಿಗೆ ಒಂದು ಕೈ ಮೇಣವಾಗಿರಬೇಕು. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಿನಲ್ಲಿ ಅದು ನವರಾತ್ರಿಯವರೆಗೆ ನಿಲ್ಲಲಾರದು. ಆದುದರಿಂದ ಶ್ರಾವಣದಲ್ಲಿ ಮಳೆ ಹೊಳವಾದ ದಿನ ಇನ್ನೊಂದು ಕೈ, ಆಯುಧಪೂಜೆಗೆ ಮೊದಲು ಮತ್ತೊಂದು. ಕಡಲ ಗಾಳಿಯ ಉಪ್ಪು ತೇವವನ್ನು ಹೀರಿ ಹಿಡಿದಿಟ್ಟುಕೊಂಡು ತುಕ್ಕನ್ನು ಬೇಗ ಬರಮಾಡುತ್ತದೆ. ಹಾಗಾಗಿ ಕಡಲತಡಿಗೆ ಹೋಗಿಬಂದ ದಿನ ಕಾರಿನ ಅಡಿಭಾಗಕ್ಕೂ ನೀರು ಬೀಳಬೇಕು. ಹಕ್ಕಿಯ ಹಿಕ್ಕೆಯನ್ನು ಕೆರೆಯಬಾರದು. ಒದ್ದೆಬಟ್ಟೆಯನ್ನು ಕೆಲವು ನಿಮಿಷ ಹೊದಿಸಿಟ್ಟು, ಮೆತ್ತಗಾದ ಮೇಲೆ ಎತ್ತಿ ತೆಗೆಯಬೇಕು. ಹಲಸಿನ ಮಯಣ ಬಿದ್ದರೆ, ಹಣ್ಣು ಬಿಡಿಸುವಾಗ ಕೈಗೆ ಹಚ್ಚಿಕೊಳ್ಳುವ ತೆಂಗಿನೆಣ್ಣೆಯೇ ಅದಕ್ಕೂ ಮದ್ದು. ಮಯಣ ಬಿಟ್ಟುಬಂದ ಮೇಲೆ ಎಣ್ಣೆಯನ್ನು ಶಾಂಪೂವಿನಿಂದ ತೊಳೆದುಬಿಡಬೇಕು.

ಮಾಸ್ತರರ ಬಾನೆಟ್ಟಿಗೆ ಈ ಉಪದೇಶಗಳೆಲ್ಲ ತಡವಾಗಿ ಬಂದವು. ಸುಲಿದ ಪದರವನ್ನು ಆ ಚೂರಿಗಷ್ಟೇ ತೇಪೆ ಹಾಕುವಂತಿಲ್ಲ. ಇಡೀ ಬಾನೆಟ್ಟನ್ನು ಉಜ್ಜಿ ಹೊಸದಾಗಿ ಬಳಿಯಬೇಕು. ಮಾಸ್ತರರು ಎರಡು ದಿನ ಯೋಚಿಸಿದರು. ದೂರದೂರಿನಲ್ಲಿದ್ದ ಮಗ ನವರಾತ್ರಿಗೆ ಬರುವವನಿದ್ದ. “ಅಪ್ಪಾ, ಈ ವಯಸ್ಸಿನಲ್ಲಿ ಕಾರೇಕೆ? ಮಾರಿಬಿಡಿ” ಎಂದು ಅವನು ಹಿಂದಿನ ಸಲವೇ ಹೇಳಿಹೋಗಿದ್ದ. ಸುಲಿದ ಬಾನೆಟ್ಟನ್ನು ಕಂಡರೆ ಆ ಮಾತಿಗೆ ಬಲ ಬರುವುದರಲ್ಲಿ ಸಂದೇಹವಿರಲಿಲ್ಲ. ಮಾರುವವರಿಗೆ ಕಲೆ ಬಿದ್ದ ಕಾರಿನ ಬೆಲೆಯೆಷ್ಟೆಂಬ ಲೆಕ್ಕ ಸಾಕು; ಕಾರಿಲ್ಲದ ಮನೆಯಲ್ಲಿ ಇಬ್ಬರು ಮುದುಕರ ಸೋಮವಾರಗಳ ಬೆಲೆಯೆಷ್ಟೆಂಬುದು ಯಾವ ಲೆಕ್ಕಕ್ಕೂ ಸಿಕ್ಕುವುದಿಲ್ಲ. ಆ ತಿಂಗಳ ಪಿಂಚಣಿಯ ಒಂದು ಭಾಗ ಮೇಸ್ತ್ರಿಯ ಕೈಸೇರಿತು.

ಮಗ ಬಂದ. ಬಾನೆಟ್ಟಿನ ಮೇಲೆ ಕಣ್ಣಾಡಿಸಿ, “ಹೊಸ ಬಣ್ಣ ಹಾಕಿಸಿದಿರಾ?” ಎಂದ. ಮಾಸ್ತರರಿಗೆ ಸುಳ್ಳು ಹೇಳುವ ಅಭ್ಯಾಸವಿರಲಿಲ್ಲ.

“ನಾನೇ ಉಜ್ಜಿ ಹಾಳುಮಾಡಿದೆ. ಕಳೆಯುವ ಲೆಕ್ಕವನ್ನು ಕೂಡುವ ಲೆಕ್ಕವೆಂದು ತಿಳಿದಿದ್ದೆ.”

ಮಗ ಮಾರುವ ಮಾತೆತ್ತಲಿಲ್ಲ. ತಪ್ಪನ್ನು ಇಷ್ಟು ನಿಚ್ಚಳವಾಗಿ ಕಾಣಬಲ್ಲ ಕಣ್ಣಿಗೆ ದಾರಿಯೂ ಇನ್ನೂ ಕಂಡೀತೆಂದು ಅವನಿಗೆ ತೋರಿರಬೇಕು.

ಆಯುಧಪೂಜೆಯ ದಿನ ಒಂದು ಚಿಕ್ಕ ತೊಡಕು ಎದ್ದಿತು. ಹೊಸದಾಗಿ ಬಳಿದ ಬಣ್ಣ ಪೂರ್ತಿಯಾಗಿ ಆರಲು ಒಂದೆರಡು ತಿಂಗಳು ಬೇಕು. ಅಲ್ಲಿಯತನಕ ಅದಕ್ಕೆ ಮೇಣ ಹಚ್ಚಬಾರದು. ಮೇಣದ ಕಾವಲಿಲ್ಲದ ಮೈಗೆ ಒದ್ದೆಕುಂಕುಮ ತಾಗಿದರೆ ಕೆಂಪು ಕಲೆ ಉಳಿಯುವ ಭಯ. ಮಾಸ್ತರರು ಹೇಳಲೋ ಬೇಡವೋ ಎಂದು ತಡವರಿಸುತ್ತಿರುವಾಗಲೇ ಪತ್ನಿ ಅರಸಿನ ಕುಂಕುಮದ ಬಟ್ಟಲನ್ನು ಹಿಡಿದು ಕಾರಿನ ಮುಂದೆ ನಿಂತರು. ಒಂದು ಕ್ಷಣ ನೋಡಿ, ಬಾನೆಟ್ಟನ್ನು ಮುಟ್ಟದೆ, ಎದುರಿನ ಗಾಜಿಗೆ ತಿಲಕವಿಟ್ಟರು.

ಆ ಸಂಜೆ ದೇವರ ಕೋಣೆಯ ದೀಪವೂ ಎಂದಿನಂತೆ ಹುಣಿಸೆಹುಳಿಯಲ್ಲಿ ಮುಳುಗಿರಲಿಲ್ಲ. ಮೆತ್ತನೆಯ ಬಟ್ಟೆಯಲ್ಲಿ ಒರಸಿದ್ದ ಅದರ ಹೊಳಪು ತುಸು ಮಂಕಾಗಿಯೇ ಇತ್ತು. ನವಿಲಿಗೆ ಹೋದ ಕಣ್ಣು ಇನ್ನು ಬಾರದು. ಆದರೆ ಉಳಿದ ಕೊಕ್ಕಾದರೂ ಮೊಮ್ಮಕ್ಕಳ ಕಾಲಕ್ಕೆ ಇರಲಿ ಎಂದು ಆ ಮನೆಯಲ್ಲಿ ತೀರ್ಮಾನವಾಗಿತ್ತು.